ಗಂಟಲಿನ ಗಂಟು: ಕಂಡದ್ದು ಮತ್ತು ಕಾಣದ್ದು

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ. ನುಂಗಿದರೆ ಇಳಿಯದು, ಕ್ಯಾಕರಿಸಿದರೆ ಬಾರದು. ಇದು ಬಹಳ ಹಳೆಯ ದೂರು. ಕೊಟ್ಟಿಗೆಹಾರ, ಮೂಡಿಗೆರೆ, ಕಳಸದ ಕಡೆಯವರು ಹೀಗೆಂದರೆ ಮೊದಲು ಕುತ್ತಿಗೆ ಮುಟ್ಟಿ ನೋಡುವುದು ಒಳ್ಳೆಯದು. ಏಕೆಂದರೆ ಚಿಕ್ಕಮಗಳೂರು ಜಿಲ್ಲೆ ರಾಜ್ಯದಲ್ಲಿ ಗಳಗಂಡ ಕಂಡುಬಂದ ಪ್ರಮುಖ ಪ್ರದೇಶಗಳಲ್ಲೊಂದು.

ಕುತ್ತಿಗೆಯ ಮುಂಭಾಗದ ಥೈರಾಯಿಡ್ ಗ್ರಂಥಿ ಊದಿಕೊಳ್ಳುವುದೇ ಗಳಗಂಡ. ಸುಶ್ರುತ ಸಂಹಿತೆಯಲ್ಲಿಯೇ ಇದರ ವರ್ಣನೆಯುಂಟು. ಇದರ ಮುಖ್ಯ ಕಾರಣ ತಿಳಿದದ್ದು ಮಾತ್ರ ಈಚೆಗೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಕಡಲಕಳೆಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಔಷಧಿಯಾಗಿ ಬಳಸಿದ. ಆಹಾರದಲ್ಲಿ ಅಯೋಡಿನ್ ಸಾಲದಾದರೆ ಗ್ರಂಥಿ ಹಿಗ್ಗುತ್ತದೆ.

ಮಲೆನಾಡಿನ ಜಡಿಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಕರಾವಳಿಯೇ ಸಿಗುತ್ತದಲ್ಲ, ಅಲ್ಲಿಯ ಉಪ್ಪು ಸಾಲದೆ ಎಂದು ಕೇಳಬಹುದು. ಸಾಲದು. ಕಡಲ ನೀರು ಬತ್ತಿಸಿ ತೆಗೆದ ಉಪ್ಪಿನಲ್ಲಿ ದೇಹಕ್ಕೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ, ಬೆರೆಸಲೇಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಕೇವಲ 150 ಮೈಕ್ರೋಗ್ರಾಂ. ಹೀಗೆ ಬೆರೆಸಿದ ಉಪ್ಪಿನಿಂದ ರೋಗ ಇಳಿಯುವುದನ್ನು ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಅಡುಗೆಗೆ ಮಾರುವುದನ್ನು 2006ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು.

ಇದು ಕಣ್ಣಿಗೆ ಕಾಣುವ ಗಂಟಿನ ಕಥೆ. ಮುಟ್ಟಿದರೆ ಸಿಗದ ಗಂಟಿನ ಕಥೆಯೇ ಬೇರೆ. ಹೆಂಗಸಿನ ಗರ್ಭಕೋಶ ಸ್ಥಾನ ಬಿಟ್ಟು ಮೇಲೇರಿ ಗಂಟಲನ್ನು ಒತ್ತುತ್ತದೆಂದು ಪ್ರಾಚೀನ ಗ್ರೀಕರು ನಂಬಿದ್ದರು. 'ಗ್ಲೋಬಸ್ ಹಿಸ್ಟೆರಿಕಸ್' ಎಂಬ ಹೆಸರಿನ ಹಿಂದೆ ಇರುವುದು ಈ ಕಲ್ಪನೆಯೇ. ಇದು ಕುತ್ತಿಗೆಯ ಸ್ನಾಯುಗಳ ಬಿಗಿತವೆಂದು 1707ರಲ್ಲಿಯೇ ಇಂಗ್ಲೆಂಡಿನ ಜಾನ್ ಪರ್ಸೆಲ್ ಬರೆದರೂ ಹೆಸರು ಅಳಿಯಲಿಲ್ಲ. ಇಂಥ ರೋಗಿಗಳಲ್ಲಿ ಹೆಚ್ಚಿನವರಿಗೆ ಹಿಸ್ಟೀರಿಯಾ ಇಲ್ಲವೆಂದು 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯ ತೋರಿಸಿದ ಮೇಲೆ, ಗಂಟಲನ್ನಷ್ಟೇ ಸೂಚಿಸುವ ಹೆಸರು ಬಳಕೆಗೆ ಬಂತು.

ಹೊಟ್ಟೆಯ ಹುಳಿರಸ ಮೇಲೆ ಬರುವುದು, ಮೂಗಿನ ಹಿಂದಿನಿಂದ ಕಫ ಇಳಿಯುವುದು, ಸ್ನಾಯುಗಳ ಬಿಗಿತ, ಥೈರಾಯಿಡ್ ಊತ ಇವೆಲ್ಲ ಇಂದು ಗುರುತಿಸಿರುವ ಕಾರಣಗಳು. ಚಿಂತೆಯೂ ಸೇರಬಹುದು, ದುಃಖದಿಂದ ಗಂಟಲು ಕಟ್ಟುವುದು ಯಾರಿಗೆ ಗೊತ್ತಿಲ್ಲ? ಉಣ್ಣುವಾಗ ಗಂಟು ಮರೆಯಾದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ತುತ್ತು ಇಳಿಯದಿದ್ದರೆ, ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ, ತೂಕ ಇಳಿದರೆ, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವುಳ್ಳವರಿಗೆ ಈ ಮಾತು ಇನ್ನೂ ಮುಖ್ಯ.

ಕಾಣುವ ಗಂಟಿಗೆ ಮಣ್ಣಿನಲ್ಲಿ, ಉಪ್ಪಿನಲ್ಲಿ ಕಾರಣ ಹುಡುಕಿದರು. ಕಾಣದ ಗಂಟನ್ನು ಶತಮಾನಗಳ ಕಾಲ ಹೆಂಗಸಿನ ತಲೆಗೇ ಕಟ್ಟಿದರು. 'ಎಲ್ಲ ನಿನ್ನ ಮನಸ್ಸಿನದು' ಎಂಬ ಮಾತು ಪರೀಕ್ಷೆಯ ಬದಲಿಗೆ ಬರಬಾರದು.