ಗಾಯಾಳು ಯೋಧನೂ ಸಾಕ್ಷ್ಯದ ಭಾರವೂ

ರಣರಂಗದ ಗಾಯ ಮಾಯ್ದ ಮೇಲೆ ಯೋಧನಿಗೆ ಎರಡನೆಯ ಹೋರಾಟವೊಂದು ಕಾದಿರುವುದನ್ನು ನಾವು ಇತಿಹಾಸದಲ್ಲಿ ಕಾಣುತ್ತೇವೆ. ಇಂಗ್ಲೆಂಡಿನ 1593ರ ಶಾಸನವು ಅಂಗಹೀನರಾದ ಸೈನಿಕರಿಗೆ ಪ್ಯಾರಿಷ್‌ಗಳ ತೆರಿಗೆಯಿಂದ ಜೀವನಾಂಶವನ್ನು ವಿಧಿಸಿತು. ಆದರೆ ಅದಕ್ಕೆ ದಳಪತಿಯ ಪ್ರಮಾಣಪತ್ರ ಬೇಕಾಗಿದ್ದಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ವೈದ್ಯಮಂಡಲಿಗಳು ಅಂಗನಷ್ಟವನ್ನು ಶೇಕಡಾವಾರು ಅಳೆಯತೊಡಗಿದವು. ಕಡಿದುಹೋದ ಕೈಯನ್ನು ಅಳೆಯುವುದು ಸುಲಭ; ಕ್ಷಯವೋ ಹೃದ್ರೋಗವೋ ಸೇವೆಯಿಂದಲೇ ಬಂದಿತೆಂದು ತೋರಿಸುವುದು ಹೇಗೆ? 1943ರಲ್ಲಿ ಬ್ರಿಟನ್ನು ಈ ಸಾಕ್ಷ್ಯದ ಭಾರವನ್ನು ರೋಗಿಯ ಹೆಗಲಿನಿಂದ ಇಳಿಸಿ ಸರ್ಕಾರದ ಮೇಲಿರಿಸಿತು. ಭಾರತದಲ್ಲಿಯೂ ಇದೇ ಪ್ರಶ್ನೆ ಎದ್ದಾಗ, ಸೇರುವಾಗ ದಾಖಲೆಯಲ್ಲಿಲ್ಲದ ರೋಗವನ್ನು ಸೇವೆಯಿಂದ ಬಂದದ್ದೆಂದೇ ಭಾವಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. ಸೇರಿಸಿಕೊಳ್ಳುವಾಗ ದೃಢಕಾಯನೆಂದು ಬರೆದ ಲೇಖನಿಯೇ ಕಳುಹಿಸಿಕೊಡುವಾಗ ಹಳೆಯ ರೋಗಿಯೆಂದು ಬರೆಯುವುದಾದರೆ, ಕಾರಣ ಹೇಳಬೇಕಾದದ್ದು ಲೇಖನಿಯೇ ಹೊರತು ರೋಗಿಯಲ್ಲ.