ಮಹಾಮಂಡಳೇಶ್ವರ ಬಿಜ್ಜಳನು ಚಕ್ರವರ್ತಿಯಾದ ಬಗೆ

ಕಲಚುರಿ ಬಿಜ್ಜಳನ ಹೆಸರನ್ನೆತ್ತಿದೊಡನೆ ಕನ್ನಡಿಗರಿಗೆ ಬಸವೇಶ್ವರರ ನೆನಪಾಗುವುದು ಸಹಜವೇ ಸರಿ. ಪುರಾಣಗಳಲ್ಲಿಯೂ ನಾಟಕಗಳಲ್ಲಿಯೂ ಅವನು ಆಗಲೇ ಕಲ್ಯಾಣದ ಸಿಂಹಾಸನದ ಮೇಲೆ ಕುಳಿತವನಾಗಿಯೇ ಕಾಣಿಸಿಕೊಳ್ಳುತ್ತಾನೆ. ಆ ಸಿಂಹಾಸನವು ಅವನ ತಂದೆಯದಾಗಿರಲಿಲ್ಲವೆಂಬುದನ್ನೂ, ಅದನ್ನು ಕಳೆದುಕೊಂಡ ಚಾಲುಕ್ಯ ಅರಸನು ಹುಬ್ಬಳ್ಳಿಗೆ ಸಮೀಪದ ಅಣ್ಣಿಗೇರಿಯಲ್ಲಿ ಆಶ್ರಯ ಪಡೆದನೆಂಬುದನ್ನೂ ಮನಸ್ಸಿಗೆ ತಂದುಕೊಳ್ಳುವವರು ವಿರಳ.

ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಿಂದ ೧೧೨೬ರ ವರೆಗೆ ಆಳಿದ ಸಾಮ್ರಾಜ್ಯವನ್ನು ಕಾಯುತ್ತಿದ್ದವರು ಬಹುಮಟ್ಟಿಗೆ ಮಾಂಡಲಿಕರು. ಹೊಯ್ಸಳ, ಸೇವುಣ, ಕಾಕತೀಯರೆಲ್ಲರೂ ಚಕ್ರವರ್ತಿಯ ಪಾದಪದ್ಮೋಪಜೀವಿಗಳೆಂದೇ ಶಾಸನಗಳಲ್ಲಿ ಬರೆಯಿಸುತ್ತಿದ್ದರು. ಆದರೆ ಅವರ ಆನೆ ಕುದುರೆ ಕಾಲಾಳುಗಳು ಉಣ್ಣುತ್ತಿದ್ದುದು ಅವರವರ ಮನೆಯ ಅನ್ನವನ್ನು. ಅನ್ನವಿಕ್ಕಿದವನನ್ನೇ ದಂಡು ಒಡೆಯನೆಂದು ಬಗೆಯುವುದಷ್ಟೆ! ಇವರೆಲ್ಲರೂ ಗಡಿಯವರು. ಕಲಚುರಿಗಳಾದರೋ ರಾಜ್ಯದ ಒಡಲಿನೊಳಗೇ ಇದ್ದವರು. ಮಂಗಳವೇಡೆ ಅವರ ನೆಲೆ. ಈಗಿನ ವಿಜಯಪುರದ ಸುತ್ತಿನ ತರ್ದವಾಡಿ ಸಾಸಿರವು ಬಿಜ್ಜಳನ ತಂದೆಯಾದ ಪೆರ್ಮಾಡಿಯ ಅಧಿಕಾರದಲ್ಲಿದ್ದಿತು.

೧೧೫೧ರ ಸುಮಾರಿಗೆ ಮೂರನೆಯ ತೈಲಪನು ಪಟ್ಟವೇರಿದನು. ಕಾಕತೀಯ ಪ್ರೋಲನು ಇವನನ್ನು ಯುದ್ಧದಲ್ಲಿ ಸೆರೆಹಿಡಿದು, ಸ್ವಾಮಿಭಕ್ತಿಯಿಂದ ಬಿಟ್ಟುಕೊಟ್ಟನೆಂದು ಹನುಮಕೊಂಡೆಯ ಶಾಸನವು ಹೇಳುತ್ತದೆ. ಸಾಮಂತನ ಕರುಣೆಯಿಂದ ಬಿಡುಗಡೆ ಹೊಂದಿ ಬಂದ ಚಕ್ರವರ್ತಿಯ ಆಜ್ಞೆಗೆ ಇನ್ನೆಷ್ಟು ಬೆಲೆಯುಳಿದೀತು? ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಶಾಸ್ತ್ರಕಾರರು ರಾಜ್ಯಕ್ಕೆ ಏಳಂಗಗಳನ್ನು ಎಣಿಸಿದ್ದಾರೆ. ಬಿಜ್ಜಳನು ಮೊದಲನೆಯದನ್ನು ಮುಟ್ಟದೆ ಉಳಿದವುಗಳನ್ನು ಒಂದೊಂದಾಗಿ ಕೈವಶಮಾಡಿಕೊಂಡನು. ತೈಲಪನು ಉತ್ಸವಮೂರ್ತಿಯಂತೆ ಉಳಿದನು.

೧೧೫೭ರಿಂದ ಶಾಸನಗಳಲ್ಲಿ ಬಿಜ್ಜಳನ ಸ್ವಂತ ಆಳಿಕೆಯ ವರ್ಷಗಳು ತೋರತೊಡಗುತ್ತವೆ. ಆದರೂ ಮಹಾಮಂಡಳೇಶ್ವರನೆಂಬ ಹಳೆಯ ಬಿರುದನ್ನು ಅವನು ಒಮ್ಮೆಗೇ ಬಿಟ್ಟುಕೊಡಲಿಲ್ಲ. ವರ್ಷವು ತನ್ನದು, ಬಿರುದು ಸೇವಕನದು! ಈ ವಿಚಿತ್ರವಾದ ಬೆರಕೆಯನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕಲಾಗದು. ಜನರ ಕಣ್ಣು ಹೊಸದಕ್ಕೆ ಒಗ್ಗುವ ವರೆಗೆ ತಾಳ್ಮೆಯಿಂದಿರಬಲ್ಲವನ ಜಾಣ್ಮೆ ಇದರಲ್ಲಿ ಕಾಣುತ್ತದೆ. ೧೧೬೨ರ ಹೊತ್ತಿಗೆ ಆ ತೆರೆಯೂ ಸರಿಯಿತು. ಭುಜಬಲಚಕ್ರವರ್ತಿಯೆನಿಸಿಕೊಂಡು ಅವನು ದಕ್ಷಿಣದಿಗ್ವಿಜಯಕ್ಕೆ ಹೊರಟು ಬಳ್ಳಿಗಾವೆಯಲ್ಲಿ ಬೀಡುಬಿಟ್ಟನು. ತೈಲಪನ ಅಂತ್ಯವು ಶೋಚನೀಯವಾದುದು. ಕಾಕತೀಯ ರುದ್ರನ ಭಯದಿಂದ ಅತಿಸಾರವುಂಟಾಗಿ ಅವನು ಸತ್ತನೆಂದು ೧೧೬೩ರ ಅದೇ ಹನುಮಕೊಂಡೆಯ ಶಾಸನದ ಮಾತು. ಗೆದ್ದವರು ಬರೆಯಿಸಿದುದಾದುದರಿಂದ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ.

ಬನವಾಸಿ ನಾಡಿನ ಆಡಳಿತದಲ್ಲಿ ಬಿಜ್ಜಳನು ಮಾಡಿದ ಏರ್ಪಾಡು ಇವೆಲ್ಲಕ್ಕಿಂತ ಹೆಚ್ಚಾಗಿ ಅವನ ಮನಸ್ಸನ್ನು ತಿಳಿಸುತ್ತದೆ. ಅಲ್ಲಿಯ ಅಧಿಕಾರಿಯಾದ ಕಸಪಯ್ಯ ನಾಯಕನ ಬಳಿಯಲ್ಲಿ ಐವರು ಕರಣರನ್ನು ಇರಿಸಲಾಗಿದ್ದಿತು. ಅಧರ್ಮ ನಡೆಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಧರ್ಮದ ಮಾತು ಹಾಗಿರಲಿ, ನಾಡಾಳುವವನು ತನ್ನ ಕೈಕೆಳಗಿನ ದಂಡಿನಿಂದ ಏನು ಮಾಡಬಲ್ಲನೆಂಬುದನ್ನು ಬಿಜ್ಜಳನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

೧೧೬೭ರಲ್ಲಿ ಅವನ ಆಳಿಕೆ ಮುಗಿಯಿತು. ಅವನ ಮರಣದ ವಿಷಯದಲ್ಲಿ ವೀರಶೈವ ಮತ್ತು ಜೈನ ಕಾವ್ಯಗಳಿಗೆ ಪರಸ್ಪರ ಹೊಂದಿಕೆಯಿಲ್ಲ. ಅವನ ಮಕ್ಕಳಾದ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣರು ಹದಿನೇಳು ವರ್ಷಗಳೊಳಗೆ ಒಬ್ಬರ ತರುವಾಯ ಒಬ್ಬರು ಬಂದುಹೋದರು. ತಂದೆಯು ಕಟ್ಟಿದ ದಂಡು ಇದ್ದಿತು. ಅದನ್ನು ಹಿಡಿಯಬಲ್ಲ ಕೈ ಇರಲಿಲ್ಲ. ಕಲಚುರಿಗಳ ಸೇವೆಯಲ್ಲಿದ್ದ ದಂಡನಾಯಕ ಕಾವಣನ ಮಗನಾದ ಬಮ್ಮನು ತೈಲಪನ ಮಗ ನಾಲ್ಕನೆಯ ಸೋಮೇಶ್ವರನ ಪಕ್ಷವನ್ನು ಹಿಡಿದನು. ೧೧೮೪ರ ಸುಮಾರಿಗೆ ಚಾಲುಕ್ಯರ ಧ್ವಜವು ಮತ್ತೆ ಏರಿತು. ಸೋಮೇಶ್ವರನ ರಾಜಧಾನಿಯಾದುದು ಅದೇ ಅಣ್ಣಿಗೇರಿ.

ಈ ಸೋಮೇಶ್ವರನೂ ದಂಡನಾಯಕನ ಭುಜವನ್ನೇ ನಂಬಿ ಆಳಿದವನು. ಆ ಭುಜವು ಸೋಲಲು ಬಹುಕಾಲ ಹಿಡಿಯಲಿಲ್ಲ. ಒಂದೇ ಆನೆಯಿಂದ ಅರವತ್ತು ಆನೆಗಳನ್ನು ಗೆದ್ದಿದ್ದ ಬಮ್ಮನನ್ನು ಬರಿಯ ಕುದುರೆಪಡೆಯಿಂದಲೇ ಸೋಲಿಸಿದನೆಂದು ಹೊಯ್ಸಳ ವೀರಬಲ್ಲಾಳನನ್ನು ೧೧೯೨ರ ಗದಗಿನ ಶಾಸನವು ಹೊಗಳುತ್ತದೆ. ಆ ವೇಳೆಗಾಗಲೇ ಸೋಮೇಶ್ವರನು ಅಣ್ಣಿಗೇರಿಯನ್ನು ಬಿಟ್ಟು ಗೋವೆಯ ಕದಂಬ ಜಯಕೇಶಿಯ ಆಶ್ರಯಕ್ಕೆ ಹೋಗಿದ್ದನು. ಜಯಕೇಶಿಯೂ ಚಾಲುಕ್ಯರ ಹಳೆಯ ಮಾಂಡಲಿಕರ ಮನೆತನದವನೇ.