ಎಂಡೊಮೆಟ್ರಿಯೋಸಿಸ್: ಆಹಾರ ಮತ್ತು ಸಹಜ ಕ್ರಮಗಳ ಮೂಲಕ ನೋವಿನ ನಿರ್ವಹಣೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮುಟ್ಟಿನ ದಿನಗಳಲ್ಲಿ ಅಲ್ಪಸ್ವಲ್ಪ ಹೊಟ್ಟೆನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಆದರೆ ಶಾಲೆ, ಕಾಲೇಜು, ಕೂಲಿ ಅಥವಾ ಮನೆಗೆಲಸವನ್ನು ಪ್ರತಿ ತಿಂಗಳೂ ಬಿಡಬೇಕಾಗುವಷ್ಟು ತೀವ್ರವಾದ ನೋವು ಸಾಮಾನ್ಯವಲ್ಲ. ಇಂತಹ ನೋವಿನ ಪ್ರಮುಖ ಕಾರಣಗಳಲ್ಲಿ ಎಂಡೊಮೆಟ್ರಿಯೋಸಿಸ್ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು ಹಾಗೂ ಬಾಲಕಿಯರಲ್ಲಿ ಸುಮಾರು ಶೇ. 10ರಷ್ಟು ಮಂದಿ, ಅಂದರೆ ವಿಶ್ವದಾದ್ಯಂತ ಸುಮಾರು 19 ಕೋಟಿ ಮಂದಿ, ಈ ಕಾಯಿಲೆಯಿಂದ ಬಳಲುತ್ತಿದ್ದಾರೆ. ನೋವನ್ನು ಸಹಿಸಿಕೊಳ್ಳಬೇಕೆಂಬ ಭಾವನೆಯಿಂದಾಗಿ ಅನೇಕರಲ್ಲಿ ಕಾಯಿಲೆ ಪತ್ತೆಯಾಗಲು ಹಲವು ವರ್ಷಗಳೇ ಹಿಡಿಯುತ್ತವೆ.

ಸೂಕ್ತ ಆಹಾರ, ವ್ಯಾಯಾಮ ಹಾಗೂ ಮನೆಯಲ್ಲಿಯೇ ಕೈಗೊಳ್ಳಬಹುದಾದ ಕೆಲವು ಕ್ರಮಗಳು ನೋವನ್ನು ತಗ್ಗಿಸಲು ಸಹಕಾರಿಯಾಗಬಹುದು. ಆದರೆ ಅವು ಕಾಯಿಲೆಯನ್ನು ನಿರ್ಮೂಲ ಮಾಡುವುದಿಲ್ಲ ಹಾಗೂ ವೈದ್ಯಕೀಯ ಚಿಕಿತ್ಸೆಗೆ ಪರ್ಯಾಯವಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

2. ಕಾಯಿಲೆಯ ಸ್ವರೂಪ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆಯುವುದನ್ನು ಎಂಡೊಮೆಟ್ರಿಯೋಸಿಸ್ ಎಂದು ಕರೆಯಲಾಗುತ್ತದೆ. ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವಕ್ಕೆ ಒಳಗಾಗುವ ಈ ಅಂಗಾಂಶದಿಂದ ಸುತ್ತಲಿನ ಭಾಗಗಳಲ್ಲಿ ಉರಿಯೂತ ಉಂಟಾಗಿ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡು ಉಂಟಾಗುವ ಗಂಟನ್ನು 'ಚಾಕೊಲೇಟ್ ಸಿಸ್ಟ್' ಎನ್ನುವರು.

ಮುಟ್ಟಿನ ರಕ್ತವು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಕಿಬ್ಬೊಟ್ಟೆಯನ್ನು ಸೇರುವುದೇ ಇದಕ್ಕೆ ಕಾರಣವೆಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಪ್ರತಿಪಾದಿಸಿದರು. ಆದರೆ ಇಂತಹ ಹಿಮ್ಮುಖ ಹರಿವು ಬಹುಪಾಲು ಮಹಿಳೆಯರಲ್ಲಿ ಕಂಡುಬರುವುದರಿಂದ, ವಂಶವಾಹಿ ಮತ್ತು ರೋಗನಿರೋಧಕ ವ್ಯವಸ್ಥೆಯ ಪಾತ್ರವೂ ಇದೆಯೆಂದು ಪರಿಗಣಿಸಲಾಗಿದೆ. ಇದು ಸಾಂಕ್ರಾಮಿಕವಲ್ಲ. ಶುಚಿತ್ವದ ಕೊರತೆಯಿಂದಾಗಲಿ, ತಪ್ಪು ನಡವಳಿಕೆಯಿಂದಾಗಲಿ ಬರುವ ಕಾಯಿಲೆಯೂ ಅಲ್ಲ.

3. ಪ್ರಮುಖ ಲಕ್ಷಣಗಳು

• ಮುಟ್ಟಿನ ಮೊದಲು ಮತ್ತು ಮುಟ್ಟಿನ ಸಮಯದಲ್ಲಿ ತೀವ್ರವಾದ ಕಿಬ್ಬೊಟ್ಟೆ ನೋವು, ಸೊಂಟ ನೋವು
• ಆ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜನೆಯ ವೇಳೆ ನೋವು
• ದಾಂಪತ್ಯ ಸಂಪರ್ಕದ ಸಮಯದಲ್ಲಿ ಅಥವಾ ನಂತರ ನೋವು
• ಅತಿಯಾದ ರಕ್ತಸ್ರಾವ, ಹೊಟ್ಟೆ ಉಬ್ಬರ, ಆಯಾಸ
• ಗರ್ಭ ಧರಿಸಲು ವಿಳಂಬ

ನೋವಿನ ತೀವ್ರತೆಗೂ ಕಾಯಿಲೆಯ ಹರಡುವಿಕೆಗೂ ನೇರ ಸಂಬಂಧವಿರುವುದಿಲ್ಲ. ಸ್ಕ್ಯಾನಿಂಗ್ ವರದಿ ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ನಿರ್ಧರಿಸಲಾಗದು.

4. ಆಹಾರದ ಕುರಿತು ತಿಳಿದುಬಂದಿರುವ ಅಂಶಗಳು

ಅಮೆರಿಕದ ದಾದಿಯರ ಆರೋಗ್ಯ ಕುರಿತ ದೀರ್ಘಾವಧಿ ಅಧ್ಯಯನದ ವರದಿಯೊಂದು 2010ರಲ್ಲಿ ಪ್ರಕಟವಾಯಿತು. ಅದರಂತೆ ಮೀನು ಮುಂತಾದವುಗಳಲ್ಲಿರುವ ಒಮೆಗಾ-3 ಕೊಬ್ಬನ್ನು ಅತಿ ಹೆಚ್ಚು ಸೇವಿಸುತ್ತಿದ್ದವರಲ್ಲಿ ಈ ಕಾಯಿಲೆ ಪತ್ತೆಯಾಗುವ ಪ್ರಮಾಣ, ಅತಿ ಕಡಿಮೆ ಸೇವಿಸುತ್ತಿದ್ದವರಿಗಿಂತ ಶೇ. 22ರಷ್ಟು ಕಡಿಮೆ ಇತ್ತು. ಟ್ರಾನ್ಸ್ ಕೊಬ್ಬನ್ನು ಅತಿ ಹೆಚ್ಚು ಸೇವಿಸುತ್ತಿದ್ದವರಲ್ಲಿ ಶೇ. 48ರಷ್ಟು ಹೆಚ್ಚಿತ್ತು. ಇದು ಪರಸ್ಪರ ಸಂಬಂಧವನ್ನು ಮಾತ್ರ ಸೂಚಿಸುತ್ತದೆಯೇ ಹೊರತು, ಆಹಾರದಿಂದಲೇ ಕಾಯಿಲೆ ಬರುತ್ತದೆ ಅಥವಾ ಗುಣವಾಗುತ್ತದೆ ಎಂದು ಸಾಬೀತುಪಡಿಸುವುದಿಲ್ಲ.

ಹದಿಹರೆಯದವರು ಮತ್ತು ಯುವತಿಯರಿಗೆ ವಿಟಮಿನ್ ಡಿ ಮಾತ್ರೆ ನೀಡಿ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೋವು ತಗ್ಗಿತಾದರೂ, ಔಷಧಾಂಶವಿಲ್ಲದ ಮಾತ್ರೆ ಪಡೆದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘದ 2022ರ ಮಾರ್ಗಸೂಚಿಯು ಈ ಕಾಯಿಲೆಗೆ ನಿರ್ದಿಷ್ಟ ಪಥ್ಯವನ್ನು ಶಿಫಾರಸು ಮಾಡುವಷ್ಟು ಆಧಾರಗಳಿಲ್ಲವೆಂದು ತಿಳಿಸಿದೆ. ಆದ್ದರಿಂದ "ಈ ಆಹಾರದಿಂದ ಸಂಪೂರ್ಣ ಗುಣ" ಎಂಬ ಜಾಹೀರಾತುಗಳನ್ನು ನಂಬಬಾರದು.

5. ಅನುಸರಿಸಬಹುದಾದ ಆಹಾರ ಕ್ರಮ

ಈ ಕೆಳಗಿನ ಕ್ರಮಗಳು ಸಾಮಾನ್ಯ ಆರೋಗ್ಯಕ್ಕೂ ಹಿತಕರವಾಗಿದ್ದು, ಹೆಚ್ಚಿನ ವೆಚ್ಚವಿಲ್ಲದೆ ಪಾಲಿಸಬಹುದಾಗಿದೆ.

(ಅ) ಕೊಬ್ಬು: ಮೀನು ಸೇವಿಸುವವರು ಬೂತಾಯಿ, ಬಂಗುಡೆಯಂತಹ ಮೀನುಗಳನ್ನು ವಾರಕ್ಕೆ ಎರಡು ಬಾರಿ ಬಳಸಬಹುದು. ಸಸ್ಯಾಹಾರಿಗಳು ಅಗಸೆ ಬೀಜದ ಚಟ್ನಿಪುಡಿಯನ್ನು ಬಳಸಬಹುದು; ಆದರೆ ಅಗಸೆಯಲ್ಲಿರುವ ಒಮೆಗಾ-3 ಬೇರೆ ಬಗೆಯದಾಗಿದ್ದು, ದೇಹದಲ್ಲಿ ಅದರ ಅಲ್ಪ ಭಾಗ ಮಾತ್ರ ಮೀನಿನಲ್ಲಿರುವ ಬಗೆಗೆ ಪರಿವರ್ತನೆಯಾಗುತ್ತದೆ. ವನಸ್ಪತಿಯಲ್ಲಿ ಕರಿದ ತಿಂಡಿ, ಬೇಕರಿ ಪದಾರ್ಥ ಹಾಗೂ ಪದೇ ಪದೇ ಕಾಯಿಸಿದ ಎಣ್ಣೆಯನ್ನು ಮಿತಿಗೊಳಿಸುವುದು ಸೂಕ್ತ.

(ಆ) ನಾರಿನಂಶ: ರಾಗಿ, ಜೋಳ, ನವಣೆ, ಸೊಪ್ಪು, ತರಕಾರಿ, ಕಾಳುಗಳು ಮಲಬದ್ಧತೆಯನ್ನು ತಡೆಯುತ್ತವೆ. ಮಲಬದ್ಧತೆಯು ಕಿಬ್ಬೊಟ್ಟೆಯ ನೋವನ್ನು ಹೆಚ್ಚಿಸುತ್ತದೆ. ನಾರಿನಂಶವನ್ನು ಕ್ರಮೇಣ ಹೆಚ್ಚಿಸಿ, ಸಾಕಷ್ಟು ನೀರು ಕುಡಿಯಬೇಕು.

(ಇ) ಕಬ್ಬಿಣಾಂಶ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಂತೆ (2019–21) ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅತಿಯಾದ ರಕ್ತಸ್ರಾವವಿರುವವರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೊಪ್ಪು, ಕಾಳುಗಳ ಜೊತೆ ನಿಂಬೆರಸ, ನೆಲ್ಲಿಕಾಯಿ ಬಳಸಿದಲ್ಲಿ ಕಬ್ಬಿಣಾಂಶವು ಉತ್ತಮವಾಗಿ ಹೀರಲ್ಪಡುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಕುಡಿಯಬಾರದು.

(ಈ) ಹೊಟ್ಟೆ ಉಬ್ಬರವಿರುವವರು: ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳು ಮತ್ತು ಹಾಲು ಕೆಲವರಲ್ಲಿ ಉಬ್ಬರವನ್ನು ಹೆಚ್ಚಿಸುತ್ತವೆ. ಇವುಗಳನ್ನು ಆಹಾರ ತಜ್ಞರ ಸಲಹೆಯಂತೆ 4ರಿಂದ 6 ವಾರ ಕಡಿಮೆ ಮಾಡಿ, ಅನಂತರ ಒಂದೊಂದಾಗಿ ಮರಳಿ ಸೇರಿಸಿ ಪರಿಶೀಲಿಸಬಹುದು. ಬೇಳೆಕಾಳು, ಹಾಲನ್ನು ದೀರ್ಘಕಾಲ ಬಿಟ್ಟಲ್ಲಿ ಪ್ರೋಟೀನ್ ಹಾಗೂ ಕ್ಯಾಲ್ಸಿಯಂ ಕೊರತೆ ಉಂಟಾಗಬಹುದು.

6. ಇತರೆ ಸಹಜ ಕ್ರಮಗಳು

ಕಿಬ್ಬೊಟ್ಟೆ ಅಥವಾ ಸೊಂಟದ ಮೇಲೆ ಬಿಸಿನೀರಿನ ಚೀಲ ಇಡುವುದರಿಂದ ಮುಟ್ಟಿನ ನೋವು ತಗ್ಗುತ್ತದೆ. ಚರ್ಮ ಸುಡದಂತೆ ಬಟ್ಟೆ ಸುತ್ತಿರಬೇಕು. ನಡಿಗೆ ಹಾಗೂ ಲಘು ವ್ಯಾಯಾಮ ಹಿತಕರ. ಬ್ರೆಜಿಲ್ ದೇಶದಲ್ಲಿ ಈ ಕಾಯಿಲೆಯುಳ್ಳ 40 ಮಹಿಳೆಯರನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ವಾರಗಳ ಯೋಗಾಭ್ಯಾಸದಿಂದ ನೋವು ತಗ್ಗಿದ್ದು ಕಂಡುಬಂದಿದೆ. ಶುಂಠಿಯು ಸಾಮಾನ್ಯ ಮುಟ್ಟಿನ ನೋವಿಗೆ ಉಪಕಾರಿಯೆಂದು ಕೆಲವು ಸಣ್ಣ ಅಧ್ಯಯನಗಳು ತಿಳಿಸಿವೆ. ಅಡುಗೆಯಲ್ಲಿ ಬಳಸುವ ಪ್ರಮಾಣದಲ್ಲಿ ಶುಂಠಿ, ಅರಿಶಿನ ಸೇವಿಸಲು ಅಡ್ಡಿಯಿಲ್ಲ.

7. ಎಚ್ಚರಿಕೆಗಳು

• ವೈದ್ಯರು ನೀಡಿರುವ ಹಾರ್ಮೋನ್ ಮಾತ್ರೆಗಳನ್ನು ಪಥ್ಯದ ಕಾರಣದಿಂದ ನಿಲ್ಲಿಸಬಾರದು.
• ಅರಿಶಿನದ ಸಾರದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇವುಗಳನ್ನು ಬಳಸಬಾರದು.
• ಆಯುರ್ವೇದ ಮುಂತಾದ ಔಷಧಗಳನ್ನು ನೋಂದಾಯಿತ ಆಯುಷ್ ವೈದ್ಯರಿಂದಲೇ ಪಡೆದು, ಸ್ತ್ರೀರೋಗ ತಜ್ಞರಿಗೂ ಆ ಬಗ್ಗೆ ತಿಳಿಸಬೇಕು.
• "ಮದುವೆಯಾದರೆ, ಮಗುವಾದರೆ ಸರಿಹೋಗುತ್ತದೆ" ಎಂಬ ಮಾತಿಗೆ ಆಧಾರವಿಲ್ಲ. ಈ ಕಾರಣಕ್ಕಾಗಿ ಹೆಣ್ಣುಮಕ್ಕಳ ವಿವಾಹವನ್ನು ತ್ವರಿತಗೊಳಿಸುವುದು ಸರಿಯಲ್ಲ.
• ಗರ್ಭಕೋಶ ತೆಗೆಸಿದರೂ ಕೆಲವರಲ್ಲಿ ನೋವು ಉಳಿಯಬಹುದು. ಅಂತಹ ನಿರ್ಧಾರಕ್ಕೆ ಮುನ್ನ ಎರಡನೆಯ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

8. ಚಿಕಿತ್ಸಾ ಸೇವೆ ಪಡೆಯುವ ವಿಧಾನ

(1) ಸತತ ಮೂರು ಮುಟ್ಟಿನ ಅವಧಿಗಳಲ್ಲಿ ನೋವಿನ ದಿನಾಂಕ, ತೀವ್ರತೆ, ರಕ್ತಸ್ರಾವ, ಸೇವಿಸಿದ ಮಾತ್ರೆ ಹಾಗೂ ಆಹಾರವನ್ನು ಪುಸ್ತಕದಲ್ಲಿ ಬರೆದಿಡುವುದರಿಂದ ವೈದ್ಯರಿಗೆ ಅನುಕೂಲವಾಗುತ್ತದೆ. ನೋವು ತೀವ್ರವಾಗಿದ್ದಲ್ಲಿ ಮೂರು ತಿಂಗಳು ಕಾಯಬೇಕಾಗಿಲ್ಲ.

(2) ಪ್ರಥಮವಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಭೇಟಿಯಾಗಬೇಕು. ಮಾಹಿತಿಗಾಗಿ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಅವಿವಾಹಿತ ಯುವತಿಯರೂ ಸಂಕೋಚವಿಲ್ಲದೆ ತಪಾಸಣೆಗೆ ಬರಬಹುದು. ತಪಾಸಣೆಯ ವೇಳೆ ಮಹಿಳಾ ಸಿಬ್ಬಂದಿ ಹಾಜರಿರುವಂತೆ ಕೋರಬಹುದು.

(3) ಅಗತ್ಯವಿದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಲ್ಲಿಗೆ ಕಳುಹಿಸಲಾಗುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ನೋವು ನಿವಾರಕ ಮತ್ತು ಹಾರ್ಮೋನ್ ಚಿಕಿತ್ಸೆ, ಅವಶ್ಯವಿದ್ದಲ್ಲಿ ಲ್ಯಾಪ್ರೋಸ್ಕೋಪಿ ಶಸ್ತ್ರಚಿಕಿತ್ಸೆಯ ಕುರಿತು ತಜ್ಞರು ನಿರ್ಧರಿಸುತ್ತಾರೆ.

(4) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ರೂ. 1.5 ಲಕ್ಷ ಮೀರದಂತೆ, ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು. ಸಂಬಂಧಿತ ಶಸ್ತ್ರಚಿಕಿತ್ಸೆಯು ಯೋಜನೆಯ ವ್ಯಾಪ್ತಿಗೆ ಬರುವುದೇ, ರೆಫರಲ್ ಪತ್ರ ಬೇಕೇ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಿ ತಿಳಿದುಕೊಳ್ಳಬೇಕು.

9. ವಿಳಂಬವಿಲ್ಲದೆ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

ಹಠಾತ್ತನೆ ಅಸಹನೀಯ ಹೊಟ್ಟೆನೋವು, ನೋವಿನೊಂದಿಗೆ ಜ್ವರ ಅಥವಾ ವಾಂತಿ, ತಲೆಸುತ್ತಿ ಬೀಳುವುದು, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವಷ್ಟು ರಕ್ತಸ್ರಾವ, ಅಥವಾ ಮುಟ್ಟು ತಪ್ಪಿದ ನಂತರ ಕಿಬ್ಬೊಟ್ಟೆ ನೋವು ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ 108 ಆಂಬ್ಯುಲೆನ್ಸ್ ಮೂಲಕ ಆಸ್ಪತ್ರೆಗೆ ಧಾವಿಸಬೇಕು.